ಕೊಳ್ಳುವ ಸಡಗರ, ಕಾಪಾಡುವ ಸಂಕಷ್ಟ: ಜರ್ಮನ್ ಕಾರುಗಳು ಮತ್ತು ದುರಸ್ತಿಯ ಹಕ್ಕು

ಭಾರತ ಮತ್ತು ಐರೋಪ್ಯ ಒಕ್ಕೂಟಗಳ ನಡುವಣ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಗಳು ಮುಗಿದವೆಂದು 2026ರ ಜನವರಿ 27ರಂದು ನವದೆಹಲಿಯಲ್ಲಿ ಘೋಷಣೆಯಾದಾಗ, ಜನಸಾಮಾನ್ಯರ ಬಾಯಲ್ಲಿ ಹೆಚ್ಚು ಹರಿದಾಡಿದ್ದು ಕಾರುಗಳ ಮಾತು. ಪೂರ್ಣವಾಗಿ ಸಿದ್ಧಗೊಂಡು ಯುರೋಪಿನಿಂದ ಬರುವ ಕಾರುಗಳ ಮೇಲೆ ಶೇ. 110ರವರೆಗೂ ಏರುವ ಆಮದು ಸುಂಕವು, ವರ್ಷಕ್ಕೆ ಎರಡೂವರೆ ಲಕ್ಷ ಕಾರುಗಳ ಮಿತಿಯೊಳಗೆ, ಹಂತಹಂತವಾಗಿ ಶೇ. 10ರ ಮಟ್ಟಕ್ಕೆ ಇಳಿಯಬೇಕೆಂಬುದು ಆ ಒಡಂಬಡಿಕೆಯ ಒಂದು ಅಂಶ. ಕಾರಿನ ಬಿಡಿಭಾಗಗಳ ಮೇಲಿನ ಸುಂಕವು ಐದರಿಂದ ಹತ್ತು ವರ್ಷಗಳಲ್ಲಿ ಪೂರ್ತಿಯಾಗಿ ಇಲ್ಲವಾಗಬೇಕೆಂಬುದು ಇನ್ನೊಂದು ಅಂಶ. ಮೊದಲನೆಯದು ಎಲ್ಲರ ಗಮನ ಸೆಳೆಯಿತು. ಎರಡನೆಯದನ್ನು ಗಮನಿಸಿದವರು ವಿರಳ. ಆದರೆ ನಮ್ಮಂಥ ಮಧ್ಯಮ ವರ್ಗದ ಸಂಸಾರಗಳಿಗೆ ಈ ಎರಡನೆಯ ಅಂಶವೇ ಹೆಚ್ಚು ಮುಖ್ಯವಾದುದೆಂಬುದು ನಮ್ಮ ನಂಬಿಕೆ. ಏಕೆಂದರೆ ಕಾರು ಕೊಳ್ಳುವುದು ಒಂದು ದಿನದ ಸಂಗತಿ, ಅದನ್ನು ಕಾಪಾಡಿಕೊಂಡು ಹೋಗುವುದು ಹದಿನೈದು ಇಪ್ಪತ್ತು ವರ್ಷಗಳ ಸಂಸಾರ.

ಜರ್ಮನ್ ಕಾರು ಶ್ರೀಮಂತರ ವಿಷಯ, ನಮಗೇಕೆ ಅದರ ಗೊಡವೆ ಎಂದು ಕೆಲವರು ಕೇಳಬಹುದು. ಹೊಸ ಕಾರುಗಳ ಮಟ್ಟಿಗೆ ಆ ಮಾತು ನಿಜ. 2024ನೆಯ ಇಸವಿಯಲ್ಲಿ ಭಾರತದಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆ 19,565 ಕಾರುಗಳನ್ನು, ಬಿಎಂಡಬ್ಲ್ಯು ಬಳಗ 15,721 ಕಾರುಗಳನ್ನು, ಆಡಿ 5,816 ಕಾರುಗಳನ್ನು ಮಾರಿದವು. ಮೂರನ್ನೂ ಕೂಡಿಸಿದರೆ ದೇಶದ ಒಟ್ಟು ಕಾರು ಮಾರಾಟದ ನೂರನೆಯ ಒಂದು ಭಾಗದಷ್ಟಾಗುತ್ತದೆ. ಆದರೆ ಕಾರು ಮೊದಲ ಒಡೆಯನ ಬಳಿಯೇ ಮುಪ್ಪಾಗುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಅದು ಕೈ ಬದಲಾಯಿಸುತ್ತದೆ, ಎಂಟು ಹತ್ತು ವರ್ಷಗಳಾಗುವ ಹೊತ್ತಿಗೆ ಹೊಸದೊಂದು ಸಣ್ಣ ಕಾರಿನ ಬೆಲೆಗೆ ಸಿಗುವಂತಾಗುತ್ತದೆ. ಇದರ ಜೊತೆಗೆ ಫೋಕ್ಸ್‌ವ್ಯಾಗನ್ ಪೋಲೋ, ವೆಂಟೋಗಳಂಥ ಮಧ್ಯಮ ಬೆಲೆಯ ಕಾರುಗಳು 2010ರಿಂದೀಚೆಗೆ ಸಾವಿರಾರು ಮನೆಗಳನ್ನು ಸೇರಿವೆ. ಹೀಗೆ ಜರ್ಮನ್ ಕಾರಿನ ಎರಡನೆಯ ಅಥವಾ ಮೂರನೆಯ ಒಡೆಯನು ಸಂಬಳದಾರನೇ ಆಗಿರುವ ಸಾಧ್ಯತೆ ಹೆಚ್ಚು. ಇಲ್ಲಿನ ಪ್ರಶ್ನೆ ಅವನದು.

ಗೋರ್ವಾದಿಂದ ಹಾಲೋಲ್‌ವರೆಗೆ

ವಡೋದರಾ ನಗರದ ವಾಯವ್ಯಕ್ಕಿರುವ ಗೋರ್ವಾ ಬಡಾವಣೆ ಗುಜರಾತಿನ ಕನ್ನಡಿಗರಿಗೆ ಅಪರಿಚಿತವಲ್ಲ. ಅಲೆಂಬಿಕ್ ಔಷಧ ಕಾರ್ಖಾನೆಯ ನೆರೆಹೊರೆ, ಸಣ್ಣ ಕೈಗಾರಿಕೆಗಳ ವಸಾಹತು, ಸರ್ಕಾರಿ ಐಟಿಐ, ಇವೆಲ್ಲ ಸೇರಿದ ದುಡಿಮೆಯ ನೆಲೆ ಅದು. 1965ರಲ್ಲಿ ಕೊಯಾಲಿಯ ತೈಲ ಶುದ್ಧೀಕರಣಾಗಾರ ಆರಂಭಗೊಂಡ ಬಳಿಕ, ಅದರ ಬೆನ್ನಿಗೇ ಬೆಳೆದ ರಾಸಾಯನಿಕ ಮತ್ತು ಗೊಬ್ಬರದ ಕಾರ್ಖಾನೆಗಳನ್ನು ಅರಸಿ ಬಂದ ದೇಶದ ನಾನಾ ಭಾಗಗಳ ತಂತ್ರಜ್ಞರಲ್ಲಿ ಕನ್ನಡಿಗರೂ ಇದ್ದರು. ಯಂತ್ರದೊಡನೆ ಬದುಕಿದ ಈ ಜನಕ್ಕೆ ಜರ್ಮನ್ ಯಂತ್ರವಿದ್ಯೆಯ ಬಗೆಗೆ ಗೌರವವಿರುವುದು ಸಹಜ.

ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಲೋಲ್‌ನಲ್ಲಿ ಒಂದು ಕಾಲಕ್ಕೆ ಜರ್ಮನ್ ಕಾರೇ ತಯಾರಾಗುತ್ತಿತ್ತು ಎಂಬುದನ್ನು ಇಂದಿನ ತರುಣರಲ್ಲಿ ಹೆಚ್ಚಿನವರು ಅರಿಯರು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಹಿಂದೂಸ್ತಾನ್ ಮೋಟಾರ್ಸ್ ಜೊತೆಗೂಡಿ 1994ರಲ್ಲಿ ಇಲ್ಲಿಗೆ ಬಂದು, 1996ರಲ್ಲಿ ತನ್ನ ಜರ್ಮನ್ ಶಾಖೆಯಾಗಿದ್ದ ಓಪೆಲ್‌ನ ಆಸ್ಟ್ರಾ ಕಾರನ್ನು ಹೊರತಂದಿತು. 2000ದಲ್ಲಿ ಓಪೆಲ್ ಕೋರ್ಸಾ ಬಂತು. ಗಟ್ಟಿಮುಟ್ಟಾದ ಮೈಕಟ್ಟಿಗೆ ಹೆಸರಾಗಿದ್ದ ಆ ಕಾರುಗಳನ್ನು ಜನ ಮೆಚ್ಚಿದರು. ಆದರೆ 2006ರಲ್ಲಿ ಓಪೆಲ್ ಎಂಬ ಹೆಸರೇ ಭಾರತದ ಮಾರುಕಟ್ಟೆಯಿಂದ ಮರೆಯಾಯಿತು. ಅದರ ಜಾಗಕ್ಕೆ ಬಂದ ಷೆವರ್ಲೆ ಕೂಡ 2017ರಲ್ಲಿ ಮಾರಾಟ ನಿಲ್ಲಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಾಲೋಲ್‌ನ ಉತ್ಪಾದನೆ ನಿಂತು, ಕಾರ್ಖಾನೆ ಎಂಜಿ ಮೋಟಾರ್ ಪಾಲಾಯಿತು.

ಕಾರ್ಖಾನೆ ಕೈ ಬದಲಾಯಿಸಿದರೂ ಕಾರುಗಳು ರಸ್ತೆಯಲ್ಲೇ ಉಳಿದವು. ಸಂಸ್ಥೆಯೊಂದು ತನ್ನ ಲಾಭನಷ್ಟದ ಲೆಕ್ಕ ಹಾಕಿ ದೇಶ ಬಿಟ್ಟು ಹೋಗಬಹುದು, ಅದರ ಗ್ರಾಹಕನು ಹೋಗಲಾರ. ಅವನ ಕೈಯಲ್ಲಿ ಉಳಿಯುವುದು ಕಾರು, ಅದರ ಆರ್‌ಸಿ ಪುಸ್ತಕ ಮತ್ತು ಊರಿನ ಗ್ಯಾರೇಜು. ಆಗ ಆ ಗ್ಯಾರೇಜಿನವನಿಗೆ ಬಿಡಿಭಾಗ ಸಿಗುವುದೋ ಇಲ್ಲವೋ, ಯಂತ್ರದ ಒಳಗುಟ್ಟು ತಿಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಕಾರಿನ ಆಯುಷ್ಯ ನಿಂತಿರುತ್ತದೆ. ಹಾಲೋಲ್‌ನ ಪಾಠ ಇಷ್ಟೇ: ದುರಸ್ತಿಯ ವಿದ್ಯೆ ತಯಾರಕನೊಬ್ಬನ ಸ್ವತ್ತಾಗಿ ಉಳಿಯಬಾರದು.

ಹಳೆಯ ಕಾರಿನ ಗುಟ್ಟು

ಜರ್ಮನ್ ಕಾರಿನ ಚರಿತ್ರೆಯಲ್ಲಿ ದುರಸ್ತಿ ಮೊದಲಿನಿಂದಲೂ ಒಡೆಯನ ಕೈಯಲ್ಲೇ ಇತ್ತು. ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಕೋರಿದ್ದು 1886ರ ಜನವರಿ 29ರಂದು. ಎರಡು ವರ್ಷಗಳ ಬಳಿಕ ಆತನ ಪತ್ನಿ ಬರ್ಥಾ ಬೆಂಜ್, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು ನೂರು ಕಿಲೋಮೀಟರ್ ಪಯಣ ಮಾಡಿದಳು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳೆಂದೂ, ಸವೆದ ಬ್ರೇಕಿಗೆ ದಾರಿಯಲ್ಲಿ ಚಮ್ಮಾರನಿಂದ ಚರ್ಮ ಹೊಡೆಸಿದಳೆಂದೂ, ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳೆಂದೂ ಆ ಪಯಣದ ವೃತ್ತಾಂತ ಹೇಳುತ್ತದೆ. ಜಗತ್ತಿನ ಮೊದಲ ದೂರದ ಕಾರು ಪ್ರಯಾಣವೇ ದುರಸ್ತಿಯ ಪ್ರಯಾಣವೂ ಆಗಿತ್ತು.

ನಮ್ಮ ದೇಶದಲ್ಲಿಯೂ ಜರ್ಮನ್ ಯಂತ್ರ ಮನೆಮಾತಾದದ್ದು ಈ ಬಗೆಯಲ್ಲಿಯೇ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಸ್ಥಾಪನೆಯಾಯಿತು. ಇಂದು ಬಾಷ್ ಎಂಬ ಹೆಸರಿನಲ್ಲಿರುವ ಆ ಸಂಸ್ಥೆಯ ಡೀಸೆಲ್ ಪಂಪು ಮತ್ತು ನಾಜಲ್ಲುಗಳನ್ನು ರಿಪೇರಿ ಮಾಡಬಲ್ಲ ಅಂಗಡಿಗಳು ಹೆದ್ದಾರಿಯ ಊರೂರಿನಲ್ಲೂ ಹುಟ್ಟಿಕೊಂಡವು. 1954ರಿಂದ 1969ರವರೆಗೆ ಟಾಟಾ ಸಂಸ್ಥೆ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸಿತು. ಪುಣೆಯ ಬಜಾಜ್ ಟೆಂಪೋ ಸಂಸ್ಥೆ ಮರ್ಸಿಡಿಸ್‌ನ ಓಎಂ 616 ಡೀಸೆಲ್ ಇಂಜಿನ್ನನ್ನು ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿ, ಮ್ಯಾಟಡೋರ್ ಮತ್ತು ಟ್ರ್ಯಾಕ್ಸ್ ಬಂಡಿಗಳಿಗೆ ಅಳವಡಿಸಿತು. ಅದೇ ಮೂಲದ ಇಂಜಿನ್ನು 240ಡಿ ಎಂಬ ಹಳೆಯ ಬೆಂಜ್ ಕಾರಿನಲ್ಲಿಯೂ ಇದ್ದುದರಿಂದ, ಹಳ್ಳಿಯ ಟ್ರ್ಯಾಕ್ಸ್ ಬಂಡಿಯ ರೋಗ ಬಲ್ಲ ಮೇಸ್ತ್ರಿಗೆ ಸಿರಿವಂತರ ಬೆಂಜಿನ ರೋಗವೂ ತಿಳಿಯುವಂತಾಯಿತು. ವಿದ್ಯೆ ಹಂಚಿಹೋದಾಗ ಯಂತ್ರ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1995ರಲ್ಲಿ ಪುಣೆಯಲ್ಲಿ ಜೋಡಣೆಗೊಂಡು ಹೊರಬಂದ ಡಬ್ಲ್ಯು 124 ಸರಣಿಯ ಬೆಂಜ್ ಕಾರುಗಳಲ್ಲಿ ಕೆಲವು ಇಂದಿಗೂ ಓಡುತ್ತಿವೆ. ಅವುಗಳಲ್ಲಿ ವಿದ್ಯುನ್ಮಾನ ಕಡಿಮೆ, ಲೋಹ ಹೆಚ್ಚು. ರಬ್ಬರು ಒಣಗುತ್ತದೆ, ವೈರು ಬಿರುಕು ಬಿಡುತ್ತದೆ, ರೇಡಿಯೇಟರ್ ಸೋರುತ್ತದೆ, ನಿಜ. ಆದರೆ ಪ್ರತಿಯೊಂದು ದೋಷವೂ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಸ್ಪ್ಯಾನರಿಗೆ ಸಿಗುತ್ತದೆ.

ಹೊಸ ಕಾರಿನ ಬೀಗ

ಇಂದಿನ ಜರ್ಮನ್ ಕಾರು ಇದಕ್ಕಿಂತ ಬಲು ಭಿನ್ನ. ಸುರಕ್ಷತೆಯಲ್ಲಿ, ಇಂಧನದ ಮಿತವ್ಯಯದಲ್ಲಿ, ಹೊಗೆಯ ನಿಯಂತ್ರಣದಲ್ಲಿ ಅದು ಹಳೆಯದಕ್ಕಿಂತ ಎಷ್ಟೋ ಮುಂದಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಳಗೆ ಹತ್ತಾರು ಗಣಕಗಳು ಪರಸ್ಪರ ಮಾತನಾಡುತ್ತಿರುತ್ತವೆ. ಎಷ್ಟೋ ಬಿಡಿಭಾಗಗಳನ್ನು ಬದಲಿಸಿದರೆ ಸಾಲದು, ಹೊಸ ಭಾಗವನ್ನು ಕಾರಿನ ಗಣಕಕ್ಕೆ ಪರಿಚಯಿಸಬೇಕು. ಆ ಪರಿಚಯಕ್ಕೆ ತಯಾರಕನ ತಂತ್ರಾಂಶ, ಕೆಲವೊಮ್ಮೆ ಅವನ ಸರ್ವರಿನ ಅನುಮತಿ ಬೇಕು. ಬ್ಯಾಟರಿ ಬದಲಿಸಿದರೂ ಅದನ್ನು ದಾಖಲಿಸಬೇಕಾದ ಕಾರುಗಳಿವೆ.

ಗುಜರಾತಿನ ಬೇಸಿಗೆ ಈ ಕಾರುಗಳನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸುತ್ತದೆ. ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳಲ್ಲಿ, ನಗರದ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವಾಗ, ಶೀತಕ ವ್ಯವಸ್ಥೆಯ ಪ್ಲಾಸ್ಟಿಕ್ ಕೊಳವೆಗಳೂ ಏರ್ ಸಸ್ಪೆನ್ಷನ್ನಿನ ರಬ್ಬರು ಚೀಲಗಳೂ ಬೇಗ ದಣಿಯುತ್ತವೆ. ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸಿನ ಕಥೆ ಪ್ರಸಿದ್ಧವಾದುದು. 2013ರಲ್ಲಿ ಆ ಸಂಸ್ಥೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ, ಅವುಗಳ ಗೇರ್‌ಬಾಕ್ಸಿನ ಕೃತಕ ಎಣ್ಣೆಯನ್ನು ಖನಿಜ ಎಣ್ಣೆಗೆ ಬದಲಿಸಬೇಕಾಯಿತು. ಬಿಸಿಲೂ ತೇವವೂ ಹೆಚ್ಚಿರುವ ನಾಡುಗಳಲ್ಲಿ ಹಳೆಯ ಎಣ್ಣೆಯಿಂದ ವಿದ್ಯುತ್ ದೋಷ ತಲೆದೋರುತ್ತಿದ್ದುದೇ ಅದಕ್ಕೆ ಕಾರಣ. ಡೀಸೆಲ್ ಕಾರುಗಳಲ್ಲಿನ ಮಸಿ ಸೋಸುವ ಫಿಲ್ಟರು ತಾನಾಗಿ ಶುದ್ಧಗೊಳ್ಳಬೇಕಾದರೆ ಇಂಜಿನ್ನು ಆಗಾಗ ಹೆದ್ದಾರಿಯಲ್ಲಿ ಬಿಸಿಯೇರಿ ಓಡಬೇಕು. ದಿನವೂ ಮನೆಯಿಂದ ಕಚೇರಿಗೆ ನಾಲ್ಕೇ ಕಿಲೋಮೀಟರ್ ಓಡುವ ಕಾರಿಗೆ ಆ ಅವಕಾಶವೆಲ್ಲಿ?

ಇನ್ನು 2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾ ನಗರವನ್ನು ಮುಳುಗಿಸಿದುದನ್ನು ಇಲ್ಲಿಯವರಾರೂ ಮರೆತಿಲ್ಲ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ನೀರಿನಲ್ಲಿ ತೇಲಿದವು. ಹಳೆಯ ಯಂತ್ರವಾದರೆ ಬಿಚ್ಚಿ, ಒಣಗಿಸಿ, ಎಣ್ಣೆ ಬದಲಿಸಿ ಮತ್ತೆ ಓಡಿಸುವ ಭರವಸೆ ಇರುತ್ತಿತ್ತು. ಆದರೆ ಆಸನದಡಿ, ಡಿಕ್ಕಿಯಡಿ ಗಣಕಗಳನ್ನು ಅಡಗಿಸಿಟ್ಟುಕೊಂಡಿರುವ ಕಾರಿಗೆ ಕೊಳಚೆ ನೀರು ಹೊಕ್ಕರೆ ದುರಸ್ತಿಯ ಅಂದಾಜು ಕಾರಿನ ಬೆಲೆಯನ್ನೇ ಮೀರಬಹುದು. ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಲು ಯತ್ನಿಸಿ ಹಾಳಾದರೆ ಸಾಮಾನ್ಯ ವಿಮೆ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕವಾದ ಇಂಜಿನ್ ರಕ್ಷಣೆಯ ವಿಮೆ ಬೇಕೆಂಬುದು ಅನೇಕರಿಗೆ ತಿಳಿಯುವುದು ನಷ್ಟವಾದ ಮೇಲೆಯೇ.

ಕಾನೂನು ಎಲ್ಲಿ ನಿಂತಿದೆ

ಈ ಬೀಗವನ್ನು ತೆರೆಯುವ ಪ್ರಯತ್ನ ನಮ್ಮ ದೇಶದಲ್ಲಿ ನಡೆಯಲೇ ಇಲ್ಲ ಎನ್ನುವಂತಿಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಸಂಸ್ಥೆಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡ ವಿಧಿಸಿತು. ಮೂಲ ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕನನ್ನು ತಮ್ಮ ಅಧಿಕೃತ ಸರ್ವಿಸ್ ಕೇಂದ್ರಗಳಿಗೇ ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ನಿರ್ಣಯ. ದೇಶೀಯ ಹಾಗೂ ಜಪಾನಿ ಸಂಸ್ಥೆಗಳ ಜೊತೆ ಬಿಎಂಡಬ್ಲ್ಯು, ಮರ್ಸಿಡಿಸ್ ಬೆಂಜ್, ಫೋಕ್ಸ್‌ವ್ಯಾಗನ್, ಸ್ಕೋಡಾಗಳೂ ಆ ಪಟ್ಟಿಯಲ್ಲಿದ್ದವು. ಅಂದರೆ ರೋಗ ಜರ್ಮನರಿಗೆ ಮಾತ್ರ ಸೀಮಿತವಾದುದಲ್ಲ, ಬೆಲೆ ಹೆಚ್ಚಿದ ಕಾರಿನಲ್ಲಿ ಅದರ ನೋವು ಹೆಚ್ಚು, ಅಷ್ಟೇ. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಸಂಸ್ಥೆಗಳ ವಿಷಯದಲ್ಲಿ ದಂಡದ ಮೊತ್ತವನ್ನು ತಗ್ಗಿಸಿದರೂ ಮೂಲ ನಿರ್ಣಯವನ್ನು ಎತ್ತಿಹಿಡಿಯಿತು. ಉಳಿದ ವ್ಯಾಜ್ಯಗಳು ನ್ಯಾಯಾಲಯಗಳ ಮೆಟ್ಟಿಲು ಹತ್ತಿ ವರ್ಷಗಳು ಉರುಳಿದವು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿ, ಕೃಷಿ ಯಂತ್ರ, ಮೊಬೈಲು, ಗೃಹೋಪಕರಣಗಳ ಜೊತೆಗೆ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ತೆರೆಯಿತು. ಜಾಲತಾಣ ಮಾಹಿತಿ ಕೊಡಬಲ್ಲುದೇ ಹೊರತು, ಕೊಡಲೊಲ್ಲದ ತಯಾರಕನಿಂದ ಕಿತ್ತುಕೊಡಲಾರದು.

ಯುರೋಪಿನಲ್ಲಿ ಇದು ಕಾನೂನಿನ ಹಕ್ಕು. 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮವು, ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕೆಂದು ತಯಾರಕರನ್ನು ಬದ್ಧರನ್ನಾಗಿಸಿದೆ. ಕಾರಿನ ಗಣಕವನ್ನು ಓದಲು ತಮ್ಮ ಸರ್ವರಿಗೆ ಹೆಸರು ನೋಂದಾಯಿಸಿಯೇ ಬರಬೇಕೆಂಬಂಥ, ನಿಯಮದಲ್ಲಿಲ್ಲದ ಷರತ್ತುಗಳನ್ನು ತಯಾರಕರು ಹೇರುವಂತಿಲ್ಲವೆಂದು ಐರೋಪ್ಯ ನ್ಯಾಯಾಲಯವು 2023ರ ಅಕ್ಟೋಬರ್ 5ರಂದು ತೀರ್ಪಿತ್ತಿದೆ. ಒಂದೇ ಕಾರ್ಖಾನೆಯ ಒಂದೇ ಕಾರು. ಆದರೆ ಮ್ಯೂನಿಕ್ಕಿನ ಬೀದಿಯ ಮೆಕ್ಯಾನಿಕ್ಕನಿಗೆ ಇರುವ ಹಕ್ಕು ಗೋರ್ವಾದ ಮೆಕ್ಯಾನಿಕ್ಕನಿಗೆ ಇಲ್ಲ. ಮರ್ಸಿಡಿಸ್ ಬೆಂಜ್ 1996ರಿಂದಲೂ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಬಾಷ್‌ನ ತಂತ್ರಾಂಶ ಕೆಲಸದ ಬಹುದೊಡ್ಡ ನೆಲೆಯೂ ಅದೇ ನಗರ. ಕಾರಿನ ಮಿದುಳನ್ನು ರೂಪಿಸುವ ಕೆಲಸ ಕನ್ನಡ ನೆಲದಲ್ಲಿ ನಡೆಯುತ್ತಿರುವಾಗ, ಅದನ್ನು ಓದುವ ಅಧಿಕಾರ ನಮ್ಮ ಗ್ಯಾರೇಜುಗಳಿಗಿಲ್ಲ ಎಂಬುದು ವಿಪರ್ಯಾಸವೇ ಸರಿ.

ತಂತ್ರಾಂಶವನ್ನು ತೆರೆದರೆ ಕಳ್ಳತನ, ಹೊಗೆಯ ಪರೀಕ್ಷೆಯ ವಂಚನೆ ಹೆಚ್ಚೀತು ಎಂಬುದು ತಯಾರಕರ ಆಕ್ಷೇಪ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ, ಕೀಲಿಕೈ ಮತ್ತು ಬ್ರೇಕಿಗೆ ಸಂಬಂಧಿಸಿದ ಭಾಗಗಳಿಗೆ ರಕ್ಷಣೆ ಬೇಕು. ಆದರೆ ಮುಚ್ಚಿಟ್ಟ ತಂತ್ರಾಂಶದ ಅಪಾಯವನ್ನು ಜಗತ್ತು 2015ರಲ್ಲಿ ಕಂಡಿದೆ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುವ ತಂತ್ರಾಂಶ ಫೋಕ್ಸ್‌ವ್ಯಾಗನ್ ಬಳಗದ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಡಗಿತ್ತು. ಭಾರತದಲ್ಲಿಯೇ 3,23,700 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ವರ್ಷಗಟ್ಟಲೆ ಅದು ಬಯಲಾಗದೆ ಉಳಿದದ್ದು ಬೀಗದ ದೆಸೆಯಿಂದಲೇ.

ವಯಸ್ಸೋ, ಆರೋಗ್ಯವೋ

ಇನ್ನೊಂದು ಕಡೆಯಿಂದ ಸರ್ಕಾರದ ನೀತಿಗಳು ಹಳೆಯ ಕಾರಿನ ಒಡೆಯನನ್ನು ಒತ್ತುತ್ತಿವೆ. ವಾಹನಗಳನ್ನು ಗುಜರಿಗೆ ಹಾಕುವ ರಾಷ್ಟ್ರೀಯ ನೀತಿಗೆ ಚಾಲನೆ ದೊರೆತದ್ದು 2021ರ ಆಗಸ್ಟ್ 13ರಂದು, ಗುಜರಾತಿನ ಹೂಡಿಕೆದಾರರ ಸಮಾವೇಶದಲ್ಲಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯ ಪ್ರಕಾರ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ಆಮದಾದ ಕಾರಿಗೆ 80,000 ರೂಪಾಯಿ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಮಾತ್ರ 2021ರಿಂದ ಪ್ರತ್ಯೇಕ ವಿಂಟೇಜ್ ನೋಂದಣಿಯ ಸೌಲಭ್ಯವಿದೆ. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ನಡೆದ ಹಳೆಯ ಕಾರುಗಳ ಮೇಳವನ್ನು ಕಂಡವರು, ಅಹಮದಾಬಾದಿನ ಕಠ್‌ವಾಡಾದಲ್ಲಿರುವ ಪ್ರಾಣಲಾಲ್ ಭೋಗೀಲಾಲ್ ಅವರ ಕಾರು ಸಂಗ್ರಹಾಲಯಕ್ಕೆ ಹೋಗಿಬಂದವರು ಆ ಸೌಲಭ್ಯವನ್ನು ಮೆಚ್ಚುವರು. ಆದರೆ ಇಪ್ಪತ್ತೈದು ವರ್ಷದ ಓಪೆಲ್ ಕೋರ್ಸಾ ಅಥವಾ ಮೂವತ್ತು ವರ್ಷದ ಬೆಂಜ್, ಹೊಸತೂ ಅಲ್ಲದ ವಿಂಟೇಜೂ ಅಲ್ಲದ ತ್ರಿಶಂಕು ಸ್ಥಿತಿಯಲ್ಲಿದೆ.

ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2030ಕ್ಕೆ ಬದಲು 2025ರಲ್ಲಿಯೇ ಮುಟ್ಟಿತು. ಕಬ್ಬು ಬೆಳೆಗಾರನಿಗೆ, ವಿದೇಶಿ ವಿನಿಮಯಕ್ಕೆ ಅದರಿಂದ ಅನುಕೂಲವಿರಬಹುದು. ಆದರೆ ಎಥನಾಲ್ ನೀರಿನಂಶವನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಬೇಗ ಸವೆಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರಿನ ಬಳಿಕ ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಒಪ್ಪಿಕೊಂಡಿತು. ಅದು ಅಗ್ಗದ ಕೆಲಸವೆಂದೂ ಹೇಳಿತು. ಬಿಡಿಭಾಗ ಊರಿನಲ್ಲೇ ಸಿಗುವ ಕಾರಿಗೆ ಅದು ಅಗ್ಗ, ಜರ್ಮನಿಯಿಂದ ತರಿಸಬೇಕಾದ ಕಾರಿಗೆ ಅಲ್ಲ.

ವಾಯುಮಾಲಿನ್ಯದ ಚಿಂತೆ ನಮಗೂ ಇದೆ. ಹೊಗೆ ಕಾರುವ ವಾಹನ ರಸ್ತೆಯಲ್ಲಿರಬಾರದು. ಆದರೆ ಅದನ್ನು ನಿರ್ಧರಿಸಬೇಕಾದುದು ಹೊಗೆಯ ಪರೀಕ್ಷೆ, ಹುಟ್ಟಿದ ದಿನಾಂಕವಲ್ಲ. ಚೆನ್ನಾಗಿ ಸಾಕಿದ ಹಳೆಯ ಕಾರು ಉಪೇಕ್ಷಿತವಾದ ಹೊಸ ಕಾರಿಗಿಂತ ಮೇಲಿರಬಹುದು. ಚೆನ್ನಾಗಿ ಸಾಕಲು ಅವಕಾಶವನ್ನೇ ಕೊಡದೆ ವಯಸ್ಸಾಯಿತೆಂದು ದಂಡ ಹಾಕುವುದು ನ್ಯಾಯವಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನದ ಎಲ್ಲ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು ಶೇ. 18ಕ್ಕೆ ಇಳಿಸಿದುದು ಈ ನಿಟ್ಟಿನಲ್ಲಿ ಸ್ವಾಗತಾರ್ಹವಾದ ಹೆಜ್ಜೆ. ಬಿಡಿಭಾಗಗಳ ಆಮದು ಸುಂಕವೂ ಹೋಗುವುದಾದರೆ ಅದು ಎರಡನೆಯ ಹೆಜ್ಜೆ. ಆದರೆ ಸುಂಕ ಇಳಿದ ಲಾಭ ತಯಾರಕನ ಸರ್ವಿಸ್ ಕೇಂದ್ರದಲ್ಲಿಯೇ ನಿಂತುಬಿಟ್ಟರೆ ಗ್ರಾಹಕನಿಗೆ ದಕ್ಕುವುದೇನು? ಕಾರು ಬಂದಂತೆ ಅದರ ಜೊತೆಗೇ ಯುರೋಪಿನ ಗ್ಯಾರೇಜುಗಳಿಗಿರುವ ಹಕ್ಕೂ ಬರಬೇಕು. ಈ ಬೇಡಿಕೆಯನ್ನು ಮುಂದಿಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ನಾವು ಮಾಡಬಹುದಾದುದು

ಕಾನೂನು ಬದಲಾಗುವವರೆಗೆ ಕೊಳ್ಳುವವನ ಎಚ್ಚರವೇ ಅವನಿಗೆ ರಕ್ಷೆ. ಬಳಸಿದ ಜರ್ಮನ್ ಕಾರು ಕೊಳ್ಳಲು ಹೊರಟ ಬಂಧುಗಳು ಕಾರಿನ ಹೊಳಪಿಗಿಂತ ಮೊದಲು ಅದರ ಸರ್ವಿಸ್ ದಾಖಲೆಗಳನ್ನು ನೋಡಬೇಕು, ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಂದ ಗಣಕದ ದೋಷಸಂಕೇತಗಳನ್ನು ಓದಿಸಬೇಕು, ಸೀಟಿನಡಿಯ ಹಾಸನ್ನು ಎತ್ತಿ ಪ್ರವಾಹದ ಕೆಸರಿನ ಗುರುತು ಇದೆಯೇ ಎಂದು ಪರೀಕ್ಷಿಸಬೇಕು. ಕಾರಿನ ಬೆಲೆಯ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆ ತೆಗೆದಿಡಬೇಕು. ಅದಕ್ಕೆ ಹಣ ಸಾಲದಿದ್ದರೆ ಆ ಕಾರು ನಮ್ಮ ಹಾಸಿಗೆಗೆ ಉದ್ದವಾಯಿತೆಂದೇ ತಿಳಿಯಬೇಕು. ಕರ್ನಾಟಕದಿಂದ ಕಾರು ತರುವವರು ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಉಳಿದ ಪಾಲಿಗೆ ಅರ್ಜಿ ಹಾಕಲು ಮರೆಯಬಾರದು. ಹನ್ನೆರಡು ತಿಂಗಳಿಗೂ ಮೀರಿ ಪರರಾಜ್ಯದ ಸಂಖ್ಯೆಯಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹೀಗೆ ತೆರಿಗೆ ತಪ್ಪಿಸಿ ಓಡುತ್ತಿದ್ದ ಮೂವತ್ತು ಐಷಾರಾಮಿ ಕಾರುಗಳನ್ನು ಜಪ್ತಿ ಮಾಡಿದ್ದರು.

ಇವೆಲ್ಲ ವೈಯಕ್ತಿಕ ಎಚ್ಚರಗಳು. ಅವುಗಳಾಚೆಗೆ ಸಾಮೂಹಿಕವಾದ ಕರ್ತವ್ಯವೊಂದಿದೆ. ಗೋರ್ವಾದ ಐಟಿಐಯಲ್ಲಿ ಮೋಟಾರು ವಿದ್ಯೆ ಕಲಿಯುವ ಹುಡುಗನ ಕೈಗೆ ಸ್ಪ್ಯಾನರಿನ ಜೊತೆ ಸ್ಕ್ಯಾನರ್ ಕೂಡ ಬರಬೇಕು, ಆ ಸ್ಕ್ಯಾನರಿಗೆ ಕಾರು ಬಾಗಿಲು ತೆರೆಯಬೇಕು. ನಮ್ಮ ನಾಡಿನ ರಸ್ತೆಗಳನ್ನು ಎಪ್ಪತ್ತು ವರ್ಷ ಸಲಹಿದವರು ಊರೂರಿನ ಮೇಸ್ತ್ರಿಗಳು. ವ್ಯಾಪಾರ ಒಪ್ಪಂದಗಳ ಕಾಲದಲ್ಲಿ ಅವರು ಬೀಗದ ಹೊರಗೆ ನಿಲ್ಲುವಂತಾದರೆ, ಕಾರು ಅಗ್ಗವಾದರೂ ಒಡೆತನ ದುಬಾರಿಯಾಗಿಯೇ ಉಳಿಯುತ್ತದೆ. ಗ್ರಾಹಕ ವೇದಿಕೆಗಳೂ, ನಮ್ಮಂಥ ಸಂಘಗಳೂ, ನಮ್ಮ ಜನಪ್ರತಿನಿಧಿಗಳೂ ದುರಸ್ತಿಯ ಹಕ್ಕಿಗೆ ಕಾಯ್ದೆಯ ಬಲ ಬೇಕೆಂದು ಒಂದೇ ದನಿಯಲ್ಲಿ ಕೇಳಬೇಕೆಂಬುದು ನಮ್ಮ ಆಗ್ರಹ.